ಅಂಗೈಯ ಯಂತ್ರಕ್ಕೊಂದು ಹೆಸರು

ಹೊಸ ವಸ್ತುವೊಂದು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದಮೇಲೆ ಅದಕ್ಕೊಂದು ಹೆಸರು ಬೇಕಾಗುತ್ತದೆ. ಹೆಸರಿಲ್ಲದ ವಸ್ತುವನ್ನು ಬಳಸಲು ಅಡ್ಡಿಯೇನೂ ಇಲ್ಲ. ಆದರೆ ಅದರ ವಿಷಯವಾಗಿ ಮಕ್ಕಳಿಗೆ ತಿಳಿಹೇಳುವುದು, ಅದಕ್ಕೊಂದು ಮಿತಿಯನ್ನು ಕಟ್ಟುವುದು, ಮನೆಯಲ್ಲಿ ಅದರ ಸ್ಥಾನ ಯಾವುದೆಂದು ನಿರ್ಣಯಿಸುವುದು ಕಷ್ಟವಾಗುತ್ತದೆ. ಒಲೆ, ಒರಳು, ಬೀಸುಕಲ್ಲು, ನೇಗಿಲು ಎಂಬ ಹೆಸರುಗಳನ್ನು ಕೇಳಿದೊಡನೆ ಆ ವಸ್ತುವಿನ ಕೆಲಸವೂ ಅದು ಇರಬೇಕಾದ ಜಾಗವೂ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಇಂದು ನಮ್ಮೆಲ್ಲರ ಅಂಗೈಯನ್ನು ಆಕ್ರಮಿಸಿರುವ, ಬೆರಳು ತಾಗಿದೊಡನೆ ಬೆಳಗುವ ಯಂತ್ರಕ್ಕೆ ಮಾತ್ರ ನಮ್ಮ ನುಡಿಯಲ್ಲಿ ಇನ್ನೂ ಸರಿಯಾದ ಹೆಸರು ನೆಲೆಗೊಂಡಿಲ್ಲ.

ಹೆಸರಿನ ಮಹತ್ವವನ್ನು ನಮ್ಮ ಸೀಮೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಬಂಡೆಯ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ‘ಅಶೋಕ’ ಎಂಬ ಹೆಸರು ಮೊದಲ ಬಾರಿಗೆ ಕಾಣಿಸಿಕೊಂಡಿತು. ದೇಶದ ಮೂಲೆಮೂಲೆಗಳ ಶಾಸನಗಳಲ್ಲಿ ಬಿರುದಿನಿಂದಷ್ಟೇ ಮಾತನಾಡುತ್ತಿದ್ದ ಅರಸನು ಅಶೋಕನೇ ಎಂಬ ವಿದ್ವಾಂಸರ ಊಹೆಗೆ ನಮ್ಮ ಮಸ್ಕಿಯ ಒಂದು ಹೆಸರು ಮುದ್ರೆಯೊತ್ತಿತು. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ ಎಂಬ ಹೆಸರು ಹೋಗಿ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂದಿತು. ಹೆಸರು ಬದಲಾದ ಮಾತ್ರಕ್ಕೆ ಬರಗಾಲ ನೀಗುವುದಿಲ್ಲ, ನಿಜ. ಆದರೆ ನಾವು ಯಾರ ನೆನಪಿನಲ್ಲಿ ಬದುಕುತ್ತೇವೆ ಎಂಬುದು ಬದಲಾಗುತ್ತದೆ. ಬಸವಾದಿ ಶರಣರು ಮಾಡಿದ್ದೂ ಇದನ್ನೇ ಅಲ್ಲವೆ? ಕಾಯದ ದುಡಿಮೆಯನ್ನು ‘ಕಾಯಕ’ವೆಂದು ಕರೆದರು, ಹಂಚಿ ಉಣ್ಣುವುದನ್ನು ‘ದಾಸೋಹ’ವೆಂದು ಕರೆದರು. ಹೆಸರು ಸಿಕ್ಕ ಮೇಲೆ ಬಾಳಿನ ದಾರಿಯೂ ಸಿಕ್ಕಿತು.

ನಮ್ಮ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಬಜಾರಿನಲ್ಲಿ ಈ ಯಂತ್ರಕ್ಕೆ ಎಷ್ಟು ಹೆಸರುಗಳಿವೆ ಎಂದು ಕೆಲವು ದಿನ ಕಿವಿಗೊಟ್ಟು ಕೇಳಿದೆ. ಹಿರಿಯರು ‘ಫೋನು’ ಎನ್ನುತ್ತಾರೆ. ನಡುವಯಸ್ಸಿನವರು ‘ಮೊಬೈಲು’ ಎನ್ನುತ್ತಾರೆ. ಗುಂಡಿ ಒತ್ತುವುದು ‘ಬಟನ್ ಫೋನು’, ಬೆರಳು ತಾಗಿಸುವುದು ‘ಟಚ್ ಫೋನು’. ಅದಕ್ಕಿಂತ ಅಗಲವಾದದ್ದು ‘ಟ್ಯಾಬು’. ಟ್ಯಾಬ್ಲೆಟ್ ಎಂದು ಪೂರ್ತಿಯಾಗಿ ಹೇಳಿದರೆ ನಮ್ಮ ಕಡೆಯ ತಾಯಂದಿರಿಗೆ ನೆನಪಾಗುವುದು ದವಾಖಾನೆಯ ಗುಳಿಗೆಯೇ. ಇತ್ತ ಮದುವೆಯ ಲಗ್ನಪತ್ರಿಕೆಗಳಲ್ಲಿ, ಸಭೆ ಸಮಾರಂಭಗಳ ಆಮಂತ್ರಣಗಳಲ್ಲಿ ‘ಸಂಚಾರಿ ದೂರವಾಣಿ’, ‘ಚರವಾಣಿ’, ‘ಜಂಗಮವಾಣಿ’ ಎಂಬ ಗಂಭೀರವಾದ ಮಾತುಗಳು ಅಚ್ಚಾಗುತ್ತವೆ. ಅಚ್ಚಿನ ಹೆಸರು ಬಾಯಿಗೆ ಬರುವುದಿಲ್ಲ, ಬಾಯಿಯ ಹೆಸರು ಅಚ್ಚಿಗೆ ಏರುವುದಿಲ್ಲ.

ಈ ವಿಚಾರವನ್ನು ನನ್ನ ತಲೆಯಲ್ಲಿ ಹೊಗಿಸಿದವನು ಆರು ವರುಷದ ನನ್ನ ಮಗ. ನನ್ನ ಅವ್ವ ನಸುಕಿನಲ್ಲಿ ಮಿಂದು, ವಿಭೂತಿ ಧರಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ದೃಷ್ಟಿ ನೆಟ್ಟು ಕುಳಿತಿದ್ದಳು. ನಿದ್ದೆಯಿಂದೆದ್ದು ಬಂದ ಹುಡುಗ ದೂರದಿಂದಲೇ ನೋಡಿ, “ಅಜ್ಜಿ ಸುದ್ದಾ ಮೊಬೈಲ್ ನೋಡಕತ್ಯಾಳ” ಎಂದ. ಮನೆಯವರಿಗೆಲ್ಲ ನಗು ಬಂದಿತು. ನನಗೆ ಮಾತ್ರ ಎದೆಯೊಳಗೆ ಚುರ್ರೆಂದಿತು. ಕತ್ತು ಬಾಗಿಸಿ ಅಂಗೈಯನ್ನು ನೋಡುತ್ತ ಕುಳಿತ ಮನುಷ್ಯನೆಂದರೆ ಆ ಕೂಸಿನ ಪಾಲಿಗೆ ಒಂದೇ ಅರ್ಥ. ಅವ್ವ ಪೂಜೆ ಮುಗಿಯುವವರೆಗೂ ಮಾತನಾಡಲಿಲ್ಲ. ಆಮೇಲೆ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಇದು ಇಷ್ಟಲಿಂಗಪ್ಪಾ. ನಿಮ್ಮಪ್ಪನ ಕೈಯಾಗಿಂದಕ್ಕ ಏನಂತಾರಂತ ಅವಗೇ ಕೇಳು” ಎಂದಳು.

ಅವನು ಕೇಳಿಯೇಬಿಟ್ಟ. ‘ಮೊಬೈಲು’ ಎಂದೆ. “ಮೊಬೈಲ್ ಅಂದ್ರ ಏನಪ್ಪಾ?” ಎಂದ. ‘ಅಡ್ಡಾಡುವುದು’ ಎಂದೆ. “ಅದೆಲ್ಲಿ ಅಡ್ಡಾಡ್ತದ? ಅದನ್ನ ನಾವೇ ಹೊತ್ಕೊಂಡು ಅಡ್ಡಾಡ್ತೀವಲ್ಲ” ಎಂದ. ನಾನು ನಿರುತ್ತರನಾದೆ.

ಹುಡುಗನ ಮಾತನ್ನು ಮೆಲುಕು ಹಾಕಿದಷ್ಟೂ ಅದರ ಸತ್ಯ ಹೊಳೆಯತೊಡಗಿತು. ಆ ಯಂತ್ರ ತಾನಾಗಿ ಒಂದು ಹೆಜ್ಜೆಯನ್ನೂ ಇಡದು. ನಡೆಯುವವರು ನಾವು, ಅದು ನಮ್ಮ ಕಿಸೆಯಲ್ಲಿ ಕುಳಿತ ಸ್ಥಾವರ. ಹಾಗಿದ್ದರೂ ನಾವು ಅದಕ್ಕೆ ‘ಜಂಗಮವಾಣಿ’ ಎಂದು ಹೆಸರಿಡುತ್ತೇವೆ! ಸಂಸ್ಕೃತದಲ್ಲಿ ಜಂಗಮವೆಂದರೆ ಚಲಿಸುವಂಥದ್ದು ಎಂದಷ್ಟೇ ಅರ್ಥವಿರುವುದು ದಿಟ. ಹಳೆಯ ಕಾಗದಪತ್ರಗಳಲ್ಲಿ ಸ್ಥಾವರ ಜಂಗಮ ಆಸ್ತಿ ಎಂಬ ಮಾತೂ ಉಂಟು. ಆದುದರಿಂದ ಈ ಪದವನ್ನು ಟಂಕಿಸಿದವರ ಭಾಷಾಜ್ಞಾನದಲ್ಲಿ ದೋಷವಿಲ್ಲ. ಆದರೆ ಹನ್ನೆರಡನೆಯ ಶತಮಾನದ ಅನಂತರ ಕನ್ನಡದಲ್ಲಿ ಆ ಪದ ಬರಿಯ ಚಲನೆಯನ್ನು ಸೂಚಿಸುವ ಪದವಾಗಿ ಉಳಿಯಲಿಲ್ಲ. ಅಷ್ಟಾವರಣಗಳಲ್ಲಿ ಗುರು, ಲಿಂಗಗಳ ಜೊತೆಗೆ ಅದಕ್ಕೆ ಸ್ಥಾನ ದೊರೆಯಿತು. ಕಟ್ಟಿದ್ದು ಕೆಡುತ್ತದೆ, ಅರಿವಿನ ಚೈತನ್ಯ ಕೆಡದು ಎಂಬ ತಿಳಿವನ್ನು ಬಸವಣ್ಣನವರು ಸ್ಥಾವರ ಜಂಗಮಗಳ ಭೇದದಿಂದಲೇ ಮನಗಾಣಿಸಿದರು. ಅಂಥ ಪದವನ್ನು ನಾಲ್ಕೈದು ವರುಷಕ್ಕೆ ಹಳತಾಗಿ ಮೂಲೆ ಸೇರುವ, ವಿದ್ಯುತ್ತು ತೀರಿದೊಡನೆ ಕಣ್ಣು ಮುಚ್ಚುವ ಯಂತ್ರಕ್ಕೆ ತೊಡಿಸಿದರೆ, ಮುಂದಿನ ಪೀಳಿಗೆ ಆ ಪದವನ್ನು ಯಾವ ಅರ್ಥದಲ್ಲಿ ಕಲಿಯುತ್ತದೆ? ಯಂತ್ರಕ್ಕೆ ಹೆಸರಿಡುವ ಭರದಲ್ಲಿ ನಮ್ಮದೊಂದು ಹೆಸರು ಕಳೆದುಹೋಗಬಾರದು ಎಂಬುದಷ್ಟೇ ನನ್ನ ಕಳಕಳಿ.

‘ಸ್ಮಾರ್ಟ್’ ಎಂಬ ವಿಶೇಷಣವೂ ನನಗೆ ಸಮಾಧಾನ ಕೊಡಲಿಲ್ಲ. ಕೆಲವರು ಅದನ್ನು ಜಾಣಫೋನು ಎಂದು ಕನ್ನಡಿಸುತ್ತಾರೆ. ಜಾಣತನ ಅದನ್ನು ಮಾಡಿದವನದು, ವಿವೇಕ ಅದನ್ನು ಬಳಸುವವನದು. ಅರಿವನ್ನೇ ಗುರುವೆಂದು ನಂಬಿದ ನಾವು ಯಂತ್ರಕ್ಕೆ ಅರಿವಿನ ಪಟ್ಟ ಕಟ್ಟಲಾಗದು. ಇನ್ನು ‘ಟಚ್’ ಎಂಬುದನ್ನು ಕನ್ನಡಿಸಹೊರಟರೆ ‘ಮುಟ್ಟು’ ಎಂಬ ಪದ ಎದುರಾಗುತ್ತದೆ. ಆ ಪದಕ್ಕೆ ನಮ್ಮ ಸಮಾಜ ಶತಮಾನಗಳಿಂದ ಮೈಲಿಗೆಯ ಹೊರೆಯನ್ನು ಹೊರಿಸಿದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ತಳ್ಳಿಹಾಕಿದರೂ ಬೀದಿಯ ಬಾಯಿ ಇನ್ನೂ ಶುದ್ಧವಾಗಿಲ್ಲ. ಹಾಸ್ಯಕ್ಕೆ ಈಡಾಗುವ ಹೆಸರು ಬಾಳುವುದಿಲ್ಲ.

ಅನ್ಯರು ಏನು ಮಾಡಿದ್ದಾರೆಂದು ನೋಡೋಣ. ನೆರೆಯ ತಮಿಳರು ‘ಕೈಪೇಸಿ’ ಎಂದರು, ಕೈಯಲ್ಲಿದ್ದು ಮಾತನಾಡುವಂಥದ್ದು. ಚೀನೀಯರ ಪದಕ್ಕೆ ಕೈಯಂತ್ರವೆಂದು ಅರ್ಥ. ಜರ್ಮನರು ಕೈ ಎಂಬ ಅರ್ಥವಿರುವ ಇಂಗ್ಲಿಷ್ ಪದದಿಂದಲೇ ‘ಹ್ಯಾಂಡಿ’ ಎಂದು ಮಾಡಿಕೊಂಡರು. ಸುಮಾರು 4 ಲಕ್ಷ ಜನರಷ್ಟೇ ಇರುವ ಐಸ್‌ಲ್ಯಾಂಡ್ ದೇಶದವರು ದೂರವಾಣಿಗೆ, ನೂಲು ಎಂಬ ಅರ್ಥವಿದ್ದ ತಮ್ಮ ಮರೆತುಹೋದ ಪದವೊಂದನ್ನು ಎಬ್ಬಿಸಿ ತಂದರು. ಗಣಕಕ್ಕೆ, ಸಂಖ್ಯೆ ಮತ್ತು ಕಾಲಜ್ಞಾನ ನುಡಿಯುವ ಸ್ತ್ರೀ ಎಂಬೆರಡು ಪದಗಳನ್ನು ಬೆಸೆದರು. ಅಗಲವಾದ ಟ್ಯಾಬ್ಲೆಟ್ಟಿಗೆ ಹಲಗೆಗಣಕವೆಂದು ಅರ್ಥ ಬರುವ ಹೆಸರಿಟ್ಟರು. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಇಷ್ಟು ಜನರ ನುಡಿಗೆ ಒಂದು ಹೆಸರು ಭಾರವಾದೀತೆ?

ಇಂಗ್ಲಿಷಿನವರೂ ಹೊಸದನ್ನೇನೂ ಹುಟ್ಟಿಸಲಿಲ್ಲ. 2007ರಲ್ಲಿ ಐಫೋನ್, 2010ರಲ್ಲಿ ಐಪ್ಯಾಡ್ ಬಂದ ಹೊತ್ತಿನಲ್ಲಿ ಅಗಲ ಯಂತ್ರವನ್ನು ಕೆಲವರು ಸ್ಲೇಟು ಎಂದರು, ಕೆಲವರು ಪ್ಯಾಡು ಎಂದರು. ಕೊನೆಗೆ ನಿಂತದ್ದು ಟ್ಯಾಬ್ಲೆಟ್. ಬರೆಯಲು ಬಳಸುತ್ತಿದ್ದ ಪುಟ್ಟ ಹಲಗೆ ಎಂಬ ಪುರಾತನ ಅರ್ಥದ ಪದ. ಜಾಗರೂಕತೆ ಬೇಕಾದುದು ಮತ್ತೊಂದು ಕಡೆ. ನಕಲು ಪ್ರತಿಗೆ ‘ಜೆರಾಕ್ಸ್’ ಎಂದೂ ವನಸ್ಪತಿ ತುಪ್ಪಕ್ಕೆ ‘ಡಾಲ್ಡಾ’ ಎಂದೂ ನಾವು ವ್ಯಾಪಾರಿಗಳ ಮುದ್ರೆಯನ್ನೇ ವಸ್ತುವಿನ ಹೆಸರಾಗಿಸಿಕೊಂಡಿದ್ದೇವೆ. ಈ ಯಂತ್ರದಲ್ಲಿಯೂ ಹಾಗಾಗುವುದು ಬೇಡ.

ನಮ್ಮ ನುಡಿಯ ಅನುಭವವೂ ಒಂದು ಪಾಠ ಹೇಳುತ್ತದೆ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಮುಂದೆ ಅದು ದೇಶಕ್ಕೆಲ್ಲ ಹರಡಿತು. ಆದರೂ ಮನೆಯ ಗೂಟಕ್ಕೆ ತೂಗುಹಾಕಿದ ಪೆಟ್ಟಿಗೆಯನ್ನು ಜನ ‘ರೇಡಿಯೋ’ ಎಂದೇ ಕರೆದರು. ಸಂಸ್ಥೆಗೆ ಸಂಸ್ಕೃತದ ಹೆಸರು ಒಪ್ಪುತ್ತದೆ. ಕೈಯ ವಸ್ತುವಿಗೆ ಬಾಯಿಗೆ ಹತ್ತಿರದ ಹೆಸರೇ ಬೇಕು. ಕನ್ನಡ ಬೆರಳಚ್ಚಿನ ತಂತ್ರಾಂಶಗಳಿಗೆ ‘ಬರಹ’, ‘ನುಡಿ’ ಎಂಬ ಸರಳ ಹೆಸರುಗಳನ್ನಿಟ್ಟವರು ಇದನ್ನು ಚೆನ್ನಾಗಿ ಅರಿತಿದ್ದರು. ಪರಭಾಷೆಯ ಪದವೆಂದು ಮೂಗು ಮುರಿಯುವ ಅಗತ್ಯವೂ ಇಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯಲ್ಲಿ ಪಹಣಿ, ಅರ್ಜಿ, ದವಾಖಾನೆ, ಕುರ್ಚಿ ಎಂಬ ಪದಗಳು ನಮ್ಮವೇ ಆಗಿ ಬೆರೆತಿವೆ. ‘ಕೈಗಡಿಯಾರ’ವನ್ನು ನೋಡಿರಿ: ಕೈ ನಮ್ಮದು, ಗಡಿಯಾರ ಬಂದದ್ದು, ಎರಡೂ ಕೂಡಿ ಅಚ್ಚಗನ್ನಡವೇ ಆಗಿಹೋಯಿತು.

ಇನ್ನೂ ಹಿಂದಕ್ಕೆ ಹೋದರೆ ‘ಕಡತ’ ಸಿಗುತ್ತದೆ. ಇಂದು ಸರಕಾರಿ ಕಚೇರಿಯ ಕಾಗದದ ಕಟ್ಟಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಅದು ಹುಣಸೆಬೀಜದ ಅಂಟು ಮತ್ತು ಇದ್ದಲಿನ ಪುಡಿ ಬಳಿದು ಕಪ್ಪಾಗಿಸಿದ, ಮಡಚಿ ಇಡಬಹುದಾದ ಬಟ್ಟೆ. ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು, ಬೇಡವಾದರೆ ಅಳಿಸುತ್ತಿದ್ದರು, ಕಂಕುಳಲ್ಲಿಟ್ಟುಕೊಂಡು ಊರೂರಿಗೆ ಒಯ್ಯುತ್ತಿದ್ದರು. ಕೈಯಲ್ಲಿ ಒಯ್ಯುವ, ಬರೆದು ಅಳಿಸುವ ಸಾಧನ ನಮಗೆ ಹೊಸದಲ್ಲ. ಬಟ್ಟೆ ಹೋದರೂ ಹೆಸರು ಹೊಸ ವಸ್ತುವಿಗೆ ಹೊಂದಿಕೊಂಡು ಬದುಕಿತು.

ಕಡತದ ತಮ್ಮನಂತಿರುವ ಮತ್ತೊಂದು ವಸ್ತು ನಮ್ಮ ಉತ್ತರದ ಕಡೆಯ ಪ್ರತಿ ಮನೆಯಲ್ಲೂ ಇತ್ತು. ಅದೇ ‘ಪಾಟಿ’. ಮೈಸೂರು ಸೀಮೆಯವರು ಸ್ಲೇಟು ಎನ್ನುವ ಕಪ್ಪುಹಲಗೆ. ಶಾಲೆಯ ಚೀಲ ನಮಗೆ ಇಂದಿಗೂ ‘ಪಾಟಿಚೀಲ’ವೇ. ಚೌಕಟ್ಟಿನೊಳಗೆ ಕೂತ ಕರಿಯ ಮುಖ, ಬೆರಳಿನಿಂದ ತೀಡುವ ಅಭ್ಯಾಸ, ಒರೆಸಿದರೆ ಮತ್ತೆ ಬರಿದು: ಇಂದಿನ ಯಂತ್ರಕ್ಕೂ ಅದಕ್ಕೂ ಎಷ್ಟು ಹೋಲಿಕೆ! 2020ರಲ್ಲಿ ಮಹಾಮಾರಿಯ ಕಾಲಕ್ಕೆ ಶಾಲೆಗಳು ಮುಚ್ಚಿದಾಗ ಎಷ್ಟೋ ಮಕ್ಕಳಿಗೆ ಈ ಯಂತ್ರವೇ ಪಾಟಿಯಾಗಿತ್ತು. ಅದಿಲ್ಲದ ಮನೆಯ ಮಕ್ಕಳು ಪಾಟಿಯಿಲ್ಲದವರಂತೆ ಹೊರಗುಳಿದರು. ಆದುದರಿಂದ ನನ್ನ ಸೂಚನೆ ಇಷ್ಟು: ಕೈಗಡಿಯಾರದ ಜಾಡಿನಲ್ಲಿ ಇದನ್ನು ‘ಕೈಪಾಟಿ’ ಎನ್ನೋಣ. ಕಿಸೆಯಲ್ಲಿ ಹಿಡಿಸುವುದು ಸಣ್ಣ ಕೈಪಾಟಿ, ಅಗಲವಾದದ್ದು ದೊಡ್ಡ ಕೈಪಾಟಿ. ಪಾಟಿ ಎಂಬ ಪದ ಬಳಕೆಯಲ್ಲಿಲ್ಲದ ಕಡೆ ‘ಕೈಹಲಗೆ’ ಎಂದರೂ ಆದೀತು. ಬರಿಯ ಮಾತಿಗೆ ಬಳಸುವಾಗ ‘ಫೋನು’ ಎಂಬ ಪದ ಇದ್ದೇ ಇದೆ, ಅದನ್ನು ಓಡಿಸಬೇಕಿಲ್ಲ.

ಈ ಹೆಸರಿನಲ್ಲಿ ನನಗೆ ಕಂಡ ಮುಖ್ಯ ಗುಣ ಒಂದುಂಟು. ಪಾಟಿ ಎಂದೊಡನೆ ಅದೊಂದು ಸಾಧನ, ಪಾಠ ಮುಗಿದ ಮೇಲೆ ಚೀಲಕ್ಕೆ ಸೇರಬೇಕಾದ ವಸ್ತು ಎಂಬುದು ಮಗುವಿಗೂ ತಿಳಿಯುತ್ತದೆ. ಊಟದ ಪಂಕ್ತಿಯಲ್ಲಿ ಪಾಟಿ ಹಿಡಿದು ಕೂಡುವವರುಂಟೆ? ನಮ್ಮ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಡದಿ ಲಕ್ಕಮ್ಮ ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಹಿಂದಕ್ಕೆ ಕಳುಹಿಸಿದಳು. ಬೇಕಾದಷ್ಟು ಆಯ್ದುಕೊಂಡು ಉಳಿದದ್ದನ್ನು ಬಿಟ್ಟುಬರುವ ಆ ಎಚ್ಚರ ಕೈಪಾಟಿಗೂ ಅನ್ವಯಿಸುತ್ತದೆ. 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವೂ ಇಂದು ಅದರೊಳಗೆ ಓದಲು ಸಿಗುತ್ತದೆ. ವ್ಯರ್ಥಾಲಾಪದ ರಾಶಿಯೂ ಸಿಗುತ್ತದೆ. ಆಯ್ಕೆ ನಮ್ಮದು.

ಹೆಸರನ್ನು ಪಂಡಿತರು ಸೂಚಿಸಬಹುದು, ಉಳಿಸುವವರು ಆಡುವವರೇ. ಶರಣಬಂಧುಗಳು, ವಿಶೇಷವಾಗಿ ತಾಯಂದಿರು, ಈ ಪದವನ್ನು ಒಂದು ತಿಂಗಳ ಕಾಲ ತಮ್ಮ ಮನೆಯ ಮಾತಿನಲ್ಲಿ ಬಳಸಿ ನೋಡಬೇಕೆಂದು ಬಿನ್ನಹ. ನಾಲಗೆಗೆ ಒಗ್ಗಿದರೆ ಉಳಿಯಲಿ, ಒಗ್ಗದಿದ್ದರೆ ಇದಕ್ಕಿಂತ ಒಳ್ಳೆಯದನ್ನು ತಾವೇ ಕಂಡುಹಿಡಿಯಿರಿ. ಯಾವ ಹೆಸರಾದರೂ ಸರಿ, ಜಂಗಮವೆಂಬ ಹೆಸರನ್ನು ಮಾತ್ರ ಅರಿವಿನಿಂದ ನಡೆಯುವವರಿಗೇ ಮೀಸಲಾಗಿಡೋಣ.