ಶಿವಾಜಿನಗರದಿಂದ ಹೊಸಕೋಟೆಗೆ, ಕೆರೆಯಿಂದ ಕೆರೆಗೆ

ವಿಯೆಟ್ನಾಮಿನಲ್ಲಿ ಹೊಯ್ ಆನ್ ಅಂತ ಒಂದು ಊರಿದೆ. ಕಳೆದ ಒಂದು ವರ್ಷದಲ್ಲಿ ನಮ್ಮ ಆಫೀಸಿನ ಮೂರು ಜೋಡಿ ಅಲ್ಲಿಗೆ ಹೋಗಿ ಬಂದಿವೆ. ಎಲ್ಲರೂ ತೋರಿಸೋದು ಒಂದೇ ಥರದ ಫೋಟೋ: ಬಾಡಿಗೆ ಸೈಕಲ್ಲು, ಪಕ್ಕದಲ್ಲಿ ಭತ್ತದ ಗದ್ದೆ, ಹಿಂದೆ ನೀರು, ನೀರಿನಲ್ಲೊಂದು ಎಮ್ಮೆ. ಅಷ್ಟು ದೂರ ಬೇಡ ಅನ್ನೋರಿಗೆ ಕುಮರಕಂ, ಆಲಪ್ಪುಳದ ಹಿನ್ನೀರು ಇದೆ. ಎರಡೂ ಚೆಂದ, ತಕರಾರಿಲ್ಲ. ಆದರೆ ನೀರಿನ ಪಕ್ಕದಲ್ಲಿ ಒಂದು ದಿನ ಸೈಕಲ್ ಹೊಡೆಯೋಕೆ ರಜೆ, ಟಿಕೆಟ್ಟು, ಪಾಸ್‌ಪೋರ್ಟು ಇಷ್ಟೆಲ್ಲ ಬೇಕಾ ಅಂತ ನಾನೂ ನನ್ನ ಗೆಳತಿಯೂ ಒಂದು ದಿನ ಕ್ಯಾಂಟೀನಿನಲ್ಲಿ ಕೂತು ಮ್ಯಾಪ್ ತೆಗೆದೆವು. ಅವಳ ಮನೆ ಶಿವಾಜಿನಗರದ ಹತ್ತಿರ. ನಾನು ರಾಮಮೂರ್ತಿನಗರದಲ್ಲಿ ಬಾಡಿಗೆಗಿದ್ದೀನಿ.

ಮ್ಯಾಪಿನಲ್ಲಿ ರಸ್ತೆ ಬಿಟ್ಟು ನೀಲಿ ಬಣ್ಣ ಮಾತ್ರ ನೋಡಿದರೆ ನಮ್ಮ ಕಡೆಯ ಬೆಂಗಳೂರು ಬೇರೆ ಥರವೇ ಕಾಣುತ್ತೆ. ಊರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ದಿಣ್ಣೆ ಹಾದುಹೋಗಿದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ದಂಡು, ಹಲಸೂರು, ಇಂದಿರಾನಗರ, ಕೆ.ಆರ್. ಪುರ ಎಲ್ಲ ಈ ಪೂರ್ವದ ಇಳಿಜಾರಿನಲ್ಲೇ ಇವೆ. ಹಿಂದಿನವರು ಆ ಇಳಿಜಾರಿಗೆ ಮೆಟ್ಟಿಲು ಕಟ್ಟಿದ ಹಾಗೆ ಕೆರೆ ಕಟ್ಟಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಕಾರಿನಲ್ಲಿ, ಮೆಟ್ರೋದಲ್ಲಿ ಇದು ಗೊತ್ತಾಗೋದಿಲ್ಲ. ಸೈಕಲ್ಲಿನಲ್ಲಿ ತೊಡೆಗೆ ಗೊತ್ತಾಗುತ್ತೆ.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ 5:30ಕ್ಕೆ ಹೊರಟೆವು. ರಸೆಲ್ ಮಾರ್ಕೆಟ್ ಎದುರು ಆಗಲೇ ಹೂವಿನ ಮೂಟೆ ಇಳಿಸ್ತಿದ್ದರು. 1927ರಲ್ಲಿ ಕಟ್ಟಿದ ಆ ಕಟ್ಟಡದ ಗಡಿಯಾರದ ಕೆಳಗೆ ನಿಂತು ಒಂದೊಂದು ಸುಲೈಮಾನಿ, ಒಂದು ಬನ್ನು. ಗೆಳತಿ ಚಹಾದವರ ಹತ್ತಿರ ದಖನಿ ಉರ್ದುವಿನಲ್ಲಿ, ಪಕ್ಕದ ಹೂವಿನ ಅಕ್ಕನ ಹತ್ತಿರ ತಮಿಳಿನಲ್ಲಿ, ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿದಳು, ಮಧ್ಯೆ ಉಸಿರು ಕೂಡ ತೆಗೆದುಕೊಳ್ಳಲಿಲ್ಲ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟಾಗಿನಿಂದ ಈ ಕಡೆ ಹೀಗೇ. ಪೇಟೆ ಒಂದು ಊರು, ದಂಡು ಇನ್ನೊಂದು ಊರು. ಎರಡಕ್ಕೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ಸೇಂಟ್ ಮೇರಿ ಬಸಿಲಿಕಾ ದಾಟಿ ಸೇಂಟ್ ಜಾನ್ಸ್ ರಸ್ತೆಗೆ ಬಿದ್ದರೆ ಆಮೇಲೆ ಪೆಡಲ್ ತುಳಿಯೋ ಕೆಲಸ ಹೆಚ್ಚಿಲ್ಲ. ಸೈಕಲ್ಲು ತಾನಾಗಿ ಹಲಸೂರು ಕೆರೆಗೆ ಇಳಿಯುತ್ತೆ. ನೀರೂ ಹೀಗೇ ಇಳಿಯೋದು.

ಹಲಸೂರು ಕೆರೆಯನ್ನು ನಾವೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದವರೇ. ಬೆಳಿಗ್ಗೆ ಆರೂಕಾಲಿಗೆ ಬೇರೆ ಕೆರೆ. ನಡುವಿನ ದ್ವೀಪಗಳ ಮರಗಳಲ್ಲಿ ನೀರುಕಾಗೆಗಳು ರೆಕ್ಕೆ ಒಣಗಿಸ್ತಾ ಕೂತಿದ್ದವು. ಗುರುದ್ವಾರದ ಕಡೆಯಿಂದ ಕೀರ್ತನೆ ಕೇಳಿಸ್ತಿತ್ತು. ಎಂ.ಇ.ಜಿ. ಸೈನಿಕರ ಆವರಣದೊಳಗೆ ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದಿದೆ. ಒಳಗೆ ಹೋಗುವ ಹಾಗಿಲ್ಲ, ಇದೆ ಅಂತ ತಿಳಿದುಕೊಂಡು ಮುಂದೆ ಹೋಗಬೇಕು. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬರುವ ತನಕ ದಂಡಿನ ಜನ ಇಂಥ ಕೆರೆ, ಬಾವಿಗಳನ್ನೇ ನಂಬಿದ್ದರು. ಅಂದರೆ ಇದು ಕುಡಿಯುವ ನೀರು. 2016ರ ಮಾರ್ಚಿನಲ್ಲಿ ಇದೇ ನೀರಿನಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಿದ್ದಿದ್ದವು, ನೆನಪಿರಬಹುದು. ಆವತ್ತಿನ ವಾಸನೆ ನನ್ನ ಗೆಳತಿಗೆ ಇವತ್ತಿಗೂ ಮೂಗಿನಲ್ಲಿದೆಯಂತೆ. ನಾವು ಹೋದ ದಿನ ಮೂಗು ಮುಚ್ಚುವಂಥದ್ದೇನೂ ಇರಲಿಲ್ಲ, ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಬಾಟಲಿಗಳು ಒಟ್ಟಾಗಿ ತೇಲ್ತಿದ್ದವು, ಅಷ್ಟೇ.

ಅಲ್ಲಿಂದ ಹಲಸೂರು ಬಜಾರಿನ ಸಂದಿಗಳಲ್ಲಿ ಸೋಮೇಶ್ವರ ದೇವಸ್ಥಾನದ ಗೋಪುರ ನೋಡಿಕೊಂಡು ಇಂದಿರಾನಗರಕ್ಕೆ ಬಂದೆವು. ಏಳು ಗಂಟೆಗೆ 100 ಅಡಿ ರಸ್ತೆಯಲ್ಲಿ ಪಬ್ಬುಗಳ ಮುಂದೆ ಬೆಂಚು ತಲೆಕೆಳಗಾಗಿ ಜೋಡಿಸಿದ್ದರು, ಒಬ್ಬ ಹುಡುಗ ಪೈಪು ಹಿಡಿದು ಫುಟ್‌ಪಾತು ತೊಳೀತಿದ್ದ. ಇಂದಿರಾನಗರದ ಬಗ್ಗೆ ನನಗೆ ಹೇಳೋಕೆ ಹೆಚ್ಚಿಲ್ಲ, ನಿಮಗೆಲ್ಲ ಗೊತ್ತಿರೋದೇ. ಅದರ ಸುತ್ತಲಿನ ಹೆಸರುಗಳನ್ನು ಮಾತ್ರ ಒಮ್ಮೆ ಕಿವಿಗೊಟ್ಟು ಕೇಳಿ. ಕೋಡಿಹಳ್ಳಿ: ಹೆಸರಿನಲ್ಲೇ ಕೋಡಿ ಇದೆ. ತಿಪ್ಪಸಂದ್ರ: ಸಂದ್ರ ಅಂದರೆ ಸಮುದ್ರ, ದೊಡ್ಡ ಕೆರೆಗೆ ಹಿಂದಿನವರು ಇಟ್ಟ ಹೆಸರು. ದೊಮ್ಮಲೂರಿನ ಆಚೆ ಚಲ್ಲಘಟ್ಟದ ಕೆರೆ ಇದ್ದ ಕಡೆ ಈಗ ಗಾಲ್ಫ್ ಮೈದಾನ. ಕ್ಯಾಬ್ ಬುಕ್ ಮಾಡುವಾಗ ದಿನಾ ಟೈಪ್ ಮಾಡ್ತೀವಿ ಈ ಹೆಸರುಗಳನ್ನ. ಹಲಸೂರಿನ ಕೋಡಿ ನೀರು ಈ ತಗ್ಗಿನಲ್ಲೇ ಹಾದು ಬೆಳ್ಳಂದೂರು, ಅಲ್ಲಿಂದ ವರ್ತೂರು ಸೇರುತ್ತೆ. 2018ರ ಜನವರಿಯಲ್ಲಿ ಬೆಂಕಿ ಹೊತ್ತಿ ಟಿವಿಯಲ್ಲೆಲ್ಲ ಬಂದ ಬೆಳ್ಳಂದೂರು ಕೆರೆ ಅದೇ.

ಆ ದಾರಿ ಇನ್ನೊಂದು ದಿನಕ್ಕಿರಲಿ ಅಂತ ನಾವು ಹಳೇ ಮದ್ರಾಸ್ ರಸ್ತೆಯಲ್ಲಿ ನೇರ ಪೂರ್ವಕ್ಕೆ ಹೊರಟೆವು. ತಲೆ ಮೇಲೆ ಮೆಟ್ರೋ. 2011ರ ಅಕ್ಟೋಬರಿನಲ್ಲಿ ನಮ್ಮ ಮೆಟ್ರೋ ಮೊದಲು ಓಡಿದ್ದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದ ಆ ಚಿಕ್ಕ ತುಂಡಿಗೆ 2023ರ ಅಕ್ಟೋಬರ್ ತನಕ ಕಾಯಬೇಕಾಯ್ತು. ಅದೇ ತುಂಡಿನಲ್ಲಿ ಬೆನ್ನಿಗಾನಹಳ್ಳಿ ಕೆರೆ ಇದೆ. ಟ್ರೈನಿನಲ್ಲಿ ಫೋನು ನೋಡ್ತಾ ಇದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತೆ.

ಟಿನ್ ಫ್ಯಾಕ್ಟರಿ ಬಗ್ಗೆ ಬರೆಯೋದಕ್ಕಿಂತ ಅನುಭವಿಸೋದೇ ವಾಸಿ. ಭಾನುವಾರ ಏಳೂವರೆಗೇ ಅಲ್ಲಿ ಬಸ್ಸು, ಆಟೊ, ಲಗ್ಗೇಜು ಹೊತ್ತವರು ಎಲ್ಲ ಒಂದೇ ಜಾಗಕ್ಕೆ ಜಗಳ ಆಡ್ತಿದ್ದರು. ತೂಗುಸೇತುವೆ ಮೇಲೆ ಸೈಕಲ್ಲಿಗೆ ಅಂತ ಜಾಗ ಇಲ್ಲ. ನಾವು ಎಡಗಡೆ ಅಂಚು ಬಿಡದೆ, ಮಾತಾಡದೆ ಹತ್ತಿ ಇಳಿದೆವು. ಅದು ದಾಟಿದ ಮೇಲೆ ದೂರವಾಣಿನಗರ. 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯ ಊರು. ಅಜ್ಜಿ ಮನೆಯಲ್ಲಿ ಬೆರಳು ಹಾಕಿ ತಿರುಗಿಸೋ ಕಪ್ಪು ಫೋನ್ ಇದ್ದವರಿಗೆ ಈ ಊರಿನ ಜೊತೆ ಒಂದು ನಂಟಿದೆ ಅಂದುಕೊಳ್ಳಿ. ರಸ್ತೆಯ ಎರಡೂ ಕಡೆ ಮಳೆಮರದ ನೆರಳು ಇರೋದು ಇಲ್ಲಿಗೆ ಮುಗೀತು, ಮುಂದೆ ಬಿಸಿಲೇ.

ಕೆ.ಆರ್. ಪುರದಲ್ಲಿ ಇಡ್ಲಿ ವಡೆ ತಿಂದು, ಭಟ್ಟರಹಳ್ಳಿ, ಮೇಡಹಳ್ಳಿ ದಾಟಿದೆವು. ಅಪಾರ್ಟ್‌ಮೆಂಟುಗಳ ಹೋರ್ಡಿಂಗುಗಳಲ್ಲೆಲ್ಲ ಕೆರೆ ಕಾಣುವ ಬಾಲ್ಕನಿಗಳು. ಆವಲಹಳ್ಳಿ ಬರ್ತಿದ್ದ ಹಾಗೆ ರಸ್ತೆ ಪಕ್ಕ ನಿಜವಾಗ್ಲೂ ಕೆರೆ ತೆರೆದುಕೊಳ್ಳುತ್ತೆ.

ಎಲೆ ಮಲ್ಲಪ್ಪ ಶೆಟ್ಟಿ ಕೆರೆ. ವೀಳ್ಯದೆಲೆ ವ್ಯಾಪಾರದಲ್ಲಿ ದುಡಿದ ಶೆಟ್ಟರು ಕಟ್ಟಿಸಿದ್ದು, ಬೆಂಗಳೂರಿನ ದೊಡ್ಡ ಕೆರೆಗಳಲ್ಲಿ ಒಂದು. ಈ ರಸ್ತೆಯಲ್ಲಿ ಕೋಲಾರಕ್ಕೆ, ತಿರುಪತಿಗೆ ಎಷ್ಟು ಸಲ ಹೋಗಿದ್ದೀನೋ, ಇಳಿದು ನಿಂತಿದ್ದು ಇದೇ ಮೊದಲು. ಸರ್ವಿಸ್ ರಸ್ತೆಯಿಂದ ಮಣ್ಣಿನ ದಾರಿಗೆ ಇಳಿದರೆ ಹೈವೇ ಸದ್ದು ಹಿಂದಕ್ಕೆ ಹೋಗುತ್ತೆ. ಹೆಜ್ಜಾರ್ಲೆಗಳು ಒಂದು ಗುಂಪು ನಿಧಾನಕ್ಕೆ ತೇಲ್ತಿದ್ದವು. ನಾಮದ ಕೋಳಿಗಳು ಜೊಂಡಿನೊಳಗೆ ಹೋಗ್ತಾ ಬರ್ತಾ ಇದ್ದವು. ದಡದ ಹತ್ತಿರ ನೀರು ಹಸಿರು, ದೂರದಲ್ಲಿ ಬೆಳ್ಳಿ. ಫೋಟೋ ತೆಗೆದರೆ ಹೊಯ್ ಆನ್ ಅಂತಲೇ ಹೇಳಬಹುದು, ಫೋಟೋದಲ್ಲಿ ವಾಸನೆ ಬರಲ್ಲವಲ್ಲ.

ದಡದಲ್ಲಿ ಒಬ್ಬರು ಹೆಂಗಸು ಹುಲ್ಲು ಕೊಯ್ತಿದ್ದರು. ನಮ್ಮಮ್ಮನ ವಯಸ್ಸು ಇರಬಹುದು. ಹೆಲ್ಮೆಟ್ ಹಾಕಿಕೊಂಡ ಇಬ್ಬರು ಹುಡುಗಿಯರನ್ನು ನೋಡಿ ಕುಡುಗೋಲು ಕೆಳಗಿಟ್ಟರು.

“ಯಾವೂರಮ್ಮ ನಿಮ್ದು?”

“ರಾಮಮೂರ್ತಿನಗರ, ಅಕ್ಕ.”

“ಹಂಗಾರೆ ಈ ನೀರು ನಿಮ್ದೇ ಬುಡಿ.”

ತಮಾಷೆಗೆ ಹೇಳಿದ್ದು, ಬೈಗುಳ ಅಲ್ಲ. ಆದರೆ ಲೆಕ್ಕ ಸರಿ ಇತ್ತು. ಹೆಬ್ಬಾಳ, ನಾಗವಾರ, ಕಲ್ಕೆರೆ, ರಾಂಪುರ ಅಂತ ಸಾಲಾಗಿ ಇಳಿದು ಬರುವ ಕೆರೆಗಳ ನೀರು ಇಲ್ಲಿಗೆ ಬರುತ್ತೆ, ನಮ್ಮ ಬೀದಿಯ ಚರಂಡಿ ಸೇರಿಕೊಂಡು. ಅವರು ಮದುವೆಯಾಗಿ ಈ ಊರಿಗೆ ಬಂದಾಗ ಇದೇ ಕೆರೆಯ ನೀರನ್ನು ಕುಡೀತಿದ್ದರಂತೆ. ಈಗ ಕೈ ತೊಳೆಯೋಕೂ ಮನಸ್ಸಾಗಲ್ಲ ಅಂದರು. ಛೇ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು.

“ಅದೇನೋ ನಿಜ ಕಣಮ್ಮ, ಆದ್ರೆ ಆವಾಗ ಬ್ಯಾಸಿಗೇಲಿ ಕೆರೆ ಒಣಗೋದು. ಈಗ ವರ್ಸ ಪೂರ್ತಿ ನೀರು, ವರ್ಸ ಪೂರ್ತಿ ಹುಲ್ಲು. ನಂದು ಎಲ್ಡು ಹಸ ಇದೇ ಹುಲ್ಲಲ್ಲೇ ನಡೀತಾವೆ.”

ಗೆಳತಿ ಹಾಲು ಎಲ್ಲಿಗೆ ಹೋಗುತ್ತೆ ಅಂತ ಕೇಳಿದಳು.

“ಇನ್ನೆಲ್ಲಿಗಮ್ಮ, ನಿಮ್ಮೂರಿಗೇ.”

ಕೆರೆ ಉಳಿಸಿ ಅಂತ ಪೋಸ್ಟ್ ಹಾಕುವ ನಮಗೆ ಇದು ಕಷ್ಟದ ಮಾತು. ನಮ್ಮ ಕೊಳಚೆಯಿಂದ ಅವರ ಕೆರೆ ಕೆಟ್ಟಿತು, ಅದೇ ಕೊಳಚೆಯಿಂದ ಅವರ ಹಸು ಬೇಸಿಗೆಯಲ್ಲೂ ಹಸಿರು ಮೇಯ್ತಿದೆ. ನೀರು ಶುದ್ಧ ಆಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬೇಲಿ ಹಾಕಿ, ವಾಕಿಂಗ್ ಪಾತ್ ಮಾಡಿ, ಗೇಟಿಗೆ ಬೀಗ ಹಾಕುವಾಗ ಈ ಕುಡುಗೋಲಿಗೆ ಒಳಗೆ ಜಾಗ ಇರುತ್ತಾ ಅಂತ ಯಾರೂ ಕೇಳಿದ್ದನ್ನ ನಾನು ನೋಡಿಲ್ಲ. ನಗರದ ಒಳಗಿನ ಕೆರೆಗಳಲ್ಲಿ ಬೆಳಿಗ್ಗೆ ಸಂಜೆ ಓಡುವವರಿಗೆ ಟೈಮಿಂಗ್ಸ್ ಬೋರ್ಡ್ ಇರುತ್ತೆ. ಹುಲ್ಲಿಗೆ ಟೈಮಿಂಗ್ಸ್ ಬರೆದ ಬೋರ್ಡ್ ನಿಮಗೆಲ್ಲಾದರೂ ಕಂಡರೆ ತಿಳಿಸಿ.

ಇನ್ನೊಂದು ವಿಷಯ ದಾರಿಯುದ್ದಕ್ಕೂ ತಲೆಯಲ್ಲಿ ಸುತ್ತಿತು. ನಮ್ಮ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿ ಕಡೆಯಿಂದ ಬರೋದು, ಅದನ್ನು ಪಂಪು ಹಾಕಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತುತ್ತಾರೆ. ಪೂರ್ವದ ಮನೆಗಳಲ್ಲಿ ಬಳಸಿ ಬಿಟ್ಟ ಮೇಲೆ ಆ ನೀರು ಕಾವೇರಿಗೆ ವಾಪಸ್ ಹೋಗಲ್ಲ. ಇಳಿಜಾರು ಹಿಡಿದು ಪಿನಾಕಿನಿ ಸೇರಿ, ತಮಿಳುನಾಡಿನಲ್ಲಿ ತೆಂಪೆಣ್ಣೈ ಅನ್ನಿಸಿಕೊಂಡು ಕಡಲೂರಿನ ಹತ್ತಿರ ಸಮುದ್ರಕ್ಕೆ. ಸ್ನಾನದ ಮನೆಯ ಒಂದು ಚೊಂಬು ನೀರು ಒಂದು ನದಿಯಿಂದ ಬಂದು ಇನ್ನೊಂದು ನದಿಗೆ ಹೋಗುತ್ತೆ. ಈಗ ಅದರಲ್ಲಿ ಒಂದು ಪಾಲಿಗೆ ಮತ್ತೊಂದು ತಿರುವು ಬಂದಿದೆ: ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಿದ್ದಾರೆ. ಮತ್ತೆ ಮೇಲಕ್ಕೆ.

ಆವಲಹಳ್ಳಿಯಿಂದ ಹೊಸಕೋಟೆಗೆ ಉಳಿದದ್ದು ಸ್ವಲ್ಪವೇ ದೂರ. ಬೂದಿಗೆರೆ ಕ್ರಾಸ್ ಆದ ಮೇಲೆ ಅಲ್ಲಲ್ಲಿ ರಾಗಿ ಹೊಲ, ನೀಲಗಿರಿ, ಗೋದಾಮು, ಮತ್ತೆ ರಾಗಿ. ತೆನೆ ಬಲಿತು ಬಾಗಿತ್ತು. ಒಂಬತ್ತೂವರೆಗೆ ಹೊಸಕೋಟೆ ದೊಡ್ಡ ಕೆರೆಯ ಏರಿ ಮೇಲಿದ್ದೆವು. ನಂದಿ ಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿಯೇ ಈ ಕೆರೆಗೆ ಆಧಾರ. ಹಕ್ಕಿ ಫೋಟೋ ತೆಗೆಯುವವರು ಉದ್ದ ಲೆನ್ಸು ಹಿಡಿದು ಸಾಲಾಗಿ ನಿಂತಿದ್ದರು. ಬಲೆ ಬಿಡಿಸ್ತಿದ್ದ ಇಬ್ಬರು ಅವರನ್ನು ನೋಡಿ ನಗ್ತಿದ್ದರು. ನಾವು ಏರಿ ಮೇಲೆ ಕಾಲು ಚಾಚಿ ಕೂತು ಕಡಲೆಕಾಯಿ ಬಿಡಿಸಿದೆವು. ಹೊಸಕೋಟೆಗೆ ಬಂದು ಬಿರಿಯಾನಿ ತಿನ್ನದೆ ಹೋದರೆ ಆಫೀಸಿನಲ್ಲಿ ಮುಖ ತೋರಿಸೋಕಾಗಲ್ಲ, ಹಾಗಾಗಿ ಅದನ್ನೂ ಮುಗಿಸಿದೆವು. ಬೆಳಗಿನ ಜಾವಕ್ಕೇ ಸೌದೆ ಒಲೆ ಮೇಲೆ ಶುರುವಾಗೋ ಊರದು. ಹತ್ತು ಗಂಟೆಗೆ ಹೋದವರನ್ನು ಅಲ್ಲಿ ತಡವಾಗಿ ಎದ್ದವರು ಅಂತಲೇ ನೋಡ್ತಾರೆ.

ನೀವು ಹೋಗೋದಾದರೆ ಭಾನುವಾರವೇ ಹೋಗಿ, ಐದೂವರೆಗೆ ಬಿಡಿ. ಶಿವಾಜಿನಗರದಿಂದ ಸುತ್ತಾಟವೂ ಸೇರಿ ನಮಗೆ ಆದದ್ದು ಸುಮಾರು 35 ಕಿಲೋಮೀಟರ್, ಗೇರ್ ಇಲ್ಲದ ಸೈಕಲ್ಲಿನಲ್ಲೂ ಆಗುತ್ತೆ. ಹಳೇ ಮದ್ರಾಸ್ ರಸ್ತೆಯಲ್ಲಿ ಲಾರಿಗಳಿಗೆ ನೀವು ಕಾಣ್ತೀರಿ ಅಂತ ನಂಬಬೇಡಿ, ಹಿಂದೆ ಕೆಂಪು ಲೈಟು ಹಾಕಿ. ಪಂಚರ್ ಕಿಟ್ಟು, ಎರಡು ಬಾಟಲಿ ನೀರು ಸಾಕು. ವಾಪಸ್ ಬರೋದು ಏರು, ಜೊತೆಗೆ ಬಿಸಿಲು. ನಾವು ಎರಡೂ ಸೈಕಲ್ ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಡ್ರೈವರಣ್ಣನ ಪಕ್ಕ ಒತ್ತಿ ಕೂತು ಬಂದೆವು. “ಇಷ್ಟು ದೂರ ತುಳ್ಕೊಂಡು ಬಂದು ದುಡ್ಡು ಕೊಟ್ಟು ವಾಪಸ್ ಹೋಗ್ತೀರಲ್ಲ ಮೇಡಂ” ಅಂತ ಅವರು ಟಿನ್ ಫ್ಯಾಕ್ಟರಿ ತನಕ ನಕ್ಕರು.

ಮುಂದಿನ ತಿಂಗಳು ಹಲಸೂರಿನ ಕೋಡಿ ನೀರಿನ ಹಿಂದೆ ಬೆಳ್ಳಂದೂರು, ವರ್ತೂರಿಗೆ ಹೋಗೋಣ ಅಂತಿದ್ದೀವಿ. ಗೆಳತಿ ಇಬ್ಬರಿಗೂ ಮಾಸ್ಕ್ ತರ್ತೀನಿ ಅಂದಿದ್ದಾಳೆ.