ಗಾಲಿಯ ಮೇಲೊಂದು ಹಿತ್ತಲು

ನಮ್ಮ ಗಾಡಿ ನೋಡಲು ಬರುವ ಗಂಡಸರು ಮೊದಲು ಕೇಳುವುದು ಮೈಲೇಜು. ಆಮೇಲೆ ಬ್ಯಾಟರಿ, ಅದಾದ ಮೇಲೆ ಒಟ್ಟು ಎಷ್ಟಾಯಿತು ಎಂಬ ವಿಚಾರಣೆ. ಹೆಂಗಸರು ಹಾಗಲ್ಲ. ಒಳಗೆ ಕಾಲಿಟ್ಟು, ಮಂಚ, ಒಲೆಗಳ ಮೇಲೆ ಮರ್ಯಾದೆಗೊಮ್ಮೆ ಕಣ್ಣಾಡಿಸಿ, ನೇರವಾಗಿ ಹಿಂಬದಿಯ ಕಿರುಬಾಗಿಲ ಬಳಿ ಹೋಗುತ್ತಾರೆ. ಅಲ್ಲಿರುವುದು ಎರಡೂವರೆ ಅಡಿ ಅಗಲದ ಕಕ್ಕಸು. ‘ನಿಜವಾಗ್ಲೂ ಉಪಯೋಗಿಸ್ತೀರಾ?’ ಎಂದು ದನಿ ತಗ್ಗಿಸಿ ಕೇಳುತ್ತಾರೆ. ಹೌದು ಅಂದಮೇಲೆ ಸ್ವಲ್ಪ ಹೊತ್ತು ಬೇರೇನೂ ಕೇಳುವುದಿಲ್ಲ. ತಾವು ಹಿಂದೆ ಮಾಡಿದ ಪ್ರವಾಸಗಳನ್ನು ನೆನೆಯುತ್ತಿದ್ದಾರೆಂದು ನನಗೆ ಗೊತ್ತು. ನನ್ನ ನೆನಪೂ ಅಲ್ಲಿಗೇ ಹೋಗುತ್ತದೆ.

1987ರ ಬೇಸಿಗೆ ರಜೆ. ಯಜಮಾನರು ಆಗ ಟೆಲಿಫೋನ್ ಇಲಾಖೆಯಲ್ಲಿ ಹೊಸಬರು. ಕೇಂದ್ರ ಸರ್ಕಾರಿ ನೌಕರರಿಗೆ ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಹೋಗಿಬರಲು ಎಲ್‌ಟಿಸಿ ಸಿಗುತ್ತಿತ್ತು. 86ರಿಂದ 89ರ ಅವಧಿಯದನ್ನು ಇವರು ಮೊದಲ ಅವಕಾಶಕ್ಕೇ ಹಿಡಿದರು. ಹಾಸನದಿಂದ ಹೊರಟ ಬಸ್ಸು. ಪಂಢರಪುರ, ನಾಸಿಕ, ಉಜ್ಜಯಿನಿ, ಆಗ್ರಾ, ದೆಹಲಿ, ಹರಿದ್ವಾರ, ಪ್ರಯಾಗ, ಕಾಶಿ, ಗಯಾ. ಟಾಪಿನ ಮೇಲೆ ಅಕ್ಕಿ ಮೂಟೆ, ಕೊಳದಪ್ಪಲೆ, ಸೀಮೆಎಣ್ಣೆ ಡ್ರಮ್ಮು. ಹಿಂದಿನ ಸೀಟಿನಲ್ಲಿ ಅಡುಗೆಯವರಿಬ್ಬರು. ನಮ್ಮ ಜೊತೆ ಅತ್ತೆಯವರು. ಬಸ್ಸಿನಲ್ಲಿ ವಿಡಿಯೋ ಇತ್ತು. ರಾಜ್‌ಕುಮಾರ್ ಸಿನಿಮಾಗಳ ಕ್ಯಾಸೆಟ್ಟುಗಳು ಸುತ್ತಿ ಸುತ್ತಿ ಸವೆದಿದ್ದವು. ಎಲ್ಲಿ ಮರದ ನೆರಳು, ಕೈಪಂಪು ಸಿಗುತ್ತದೋ ಅಲ್ಲಿ ಒಲೆ ಹೂಡಿ, ಚಿತ್ರಾನ್ನವೋ ಬಿಸಿಬೇಳೆಬಾತೋ ಮಾಡಿ ಬಡಿಸುತ್ತಿದ್ದರು. ಆ ಊಟವನ್ನು ಇವರು ಇವತ್ತಿಗೂ ಹೊಗಳುತ್ತಾರೆ.

ನನಗೆ ಊಟ ನೆನಪಿಲ್ಲ. ನೀರು ಕುಡಿಯದೆ ಕಳೆದ ಹಗಲುಗಳು ನೆನಪಿವೆ. ಬಸ್ಸಿನ ಹೆಂಗಸರಿಗೆಲ್ಲ ಒಂದೇ ವೇಳಾಪಟ್ಟಿ: ನಸುಕಿನಲ್ಲಿ ಬೆಳಕು ಹರಿಯುವ ಮುಂಚೆ ಒಮ್ಮೆ, ರಾತ್ರಿ ಛತ್ರ ಸಿಕ್ಕಿದ ಮೇಲೆ ಒಮ್ಮೆ. ನಡುವೆ ಏನಿದ್ದರೂ ತಡೆದುಕೊಳ್ಳುವುದು. ಮೇ ತಿಂಗಳ ಮಧ್ಯಪ್ರದೇಶದಲ್ಲಿ, ಕಿಟಕಿಯಿಂದ ಬಿಸಿಗಾಳಿ ಹೊಡೆಯುತ್ತಿರುವಾಗ, ಲೋಟ ತುಟಿಗೆ ತಾಕಿಸಿ ಕೆಳಗಿಡುವುದನ್ನು ಅತ್ತೆಯವರೇ ನನಗೆ ಕಲಿಸಿದರು. ‘ಗಂಟಲು ಒದ್ದೆ ಆದ್ರೆ ಸಾಕಮ್ಮ, ಹೊಟ್ಟೆಗೆ ಇಳೀಬಾರ್ದು.’ ತೀರಾ ತಡೆಯದಿದ್ದರೆ ಡಾಬಾದ ಹಿಂದೆ ನಾಲ್ಕು ಜನ ಸೀರೆ ಹಿಡಿದು ಮರೆ ಕಟ್ಟುತ್ತಿದ್ದರು. ಗಂಡಸರು ಬಸ್ಸಿನಿಂದಿಳಿದು ರಸ್ತೆಗೆ ಬೆನ್ನು ಹಾಕಿ ನಿಂತರೆ ಮುಗಿಯಿತು. ಅವರ ಪ್ರವಾಸ ಕಥನಗಳಲ್ಲಿ ಈ ಅಧ್ಯಾಯವೇ ಇಲ್ಲದಿರುವುದು ಸಹಜ.

ಒಂದು ಉಪಕಾರ ಮಾತ್ರ ಆ ವರ್ಷ ಆಯಿತು. ಜನವರಿಯಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರರ ರಾಮಾಯಣ ಶುರುವಾಗಿತ್ತು. ಭಾನುವಾರ ಬೆಳಿಗ್ಗೆ ಡ್ರೈವರ್ ಯಾವುದೋ ಊರಿನ ಟಿವಿ ಇದ್ದ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಲೇಬೇಕು. ಇಲ್ಲವಾದರೆ ಜನ ಬಿಡುತ್ತಿರಲಿಲ್ಲ. ಗ್ವಾಲಿಯರ್ ದಾಟಿದ ಮೇಲೆ ಹಾಗೆ ನಿಂತ ಊರಿನಲ್ಲಿ ಇಡೀ ಬೀದಿ ಆ ಅಂಗಡಿಯ ಮುಂದೆ ಕೈ ಮುಗಿದು ಕೂತಿತ್ತು. ಹೊಲಗಳ ಕಡೆ ಒಂದು ನರಪಿಳ್ಳೆಯೂ ಇಲ್ಲ. ನಮ್ಮ ಬಸ್ಸಿನ ಹೆಂಗಸರೆಲ್ಲ ಹಾಡುಹಗಲಿನಲ್ಲಿ, ಚೊಂಬು ಹಿಡಿದು, ಅವಸರವಿಲ್ಲದೆ ಹೋಗಿಬಂದೆವು. ರಾಮನ ಕೃಪೆ ಎಂದು ಅತ್ತೆಯವರು ನಗದೆ ಹೇಳಿದರು. ಆಗ್ರಾದಲ್ಲಿ ನನಗೆ ಉರಿಮೂತ್ರ, ಜ್ವರ. ತಾಜಮಹಲಿನ ಮುಂದೆ ತೆಗೆಸಿದ ಫೋಟೋದಲ್ಲಿ ನನ್ನ ಮುಖ ಹಾಗಿರುವುದಕ್ಕೆ ಕಾರಣ ಅದು. ಹೊಸ ಮದುವೆಯ ನಾಚಿಕೆ ಎಂದು ಮಕ್ಕಳು ತಿಳಿದಿದ್ದರು.

ಇನ್ನೂ ಹಿಂದೆ ಹೋದರೆ ಹೊಳೆನರಸೀಪುರದ ನಮ್ಮ ಅಜ್ಜಿಯ ಮನೆ. ಅಲ್ಲಿ ‘ಹಿತ್ತಲಿಗೆ ಹೋಗುವುದು’ ಎಂದರೆ ನಿಜವಾಗಿಯೂ ಹಿತ್ತಲಿಗೇ ಹೋಗುವುದು. ಮೂಲೆಯಲ್ಲಿ ಗೋಡೆ ಕಟ್ಟಿದ ಪಾಯಿಖಾನೆ, ಕೆಳಗೆ ತಗಡಿನ ಡಬ್ಬ, ಹಿಂದಿನ ಓಣಿಗೆ ತೆರೆಯುವ ಮೊಣಕಾಲೆತ್ತರದ ಕಿಂಡಿ. ಬೆಳಿಗ್ಗೆ ಒಬ್ಬ ಹೆಂಗಸು ಆ ಓಣಿಯಲ್ಲಿ ಬಂದು ಡಬ್ಬ ಎಳೆದು ಖಾಲಿ ಮಾಡಿಕೊಂಡು ಹೋಗುತ್ತಿದ್ದಳು. ಹಬ್ಬಕ್ಕೆ ಅವಳಿಗೆ ಹಳೆ ಸೀರೆ, ಉಳಿದ ಹೋಳಿಗೆ. ಅವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟಾಗ ನಮ್ಮ ಬೀದಿಯ ಹಿರಿಯರು ಜಗಲಿಯಲ್ಲಿ ಕೂತು ಸರ್ಕಾರವನ್ನು ಬೈದರು. ಹಾಗಾದರೆ ಯಾರು ಮಾಡಬೇಕು ಎಂಬುದು ಅವರ ಪ್ರಶ್ನೆ. ಆಮೇಲೆ ಗುಂಡಿ ತೋಡಿಸಿ, ಪಿಂಗಾಣಿಯ ಬೇಸಿನ್ ಕೂರಿಸಿದರು. ಪ್ರಶ್ನೆ ಮಣ್ಣಿನಡಿ ಹೋಯಿತು.

ಈಗಿನ ಗಾಡಿಯ ಕಥೆಗೆ ಬರುತ್ತೇನೆ. 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ಜನ ಒಂದೇ ದಿನ ವಿಆರ್‌ಎಸ್ ತೆಗೆದುಕೊಂಡು ಹೊರಬಂದರಲ್ಲ, ಇವರೂ ಅವರಲ್ಲೊಬ್ಬರು. ಎರಡು ತಿಂಗಳಿಗೆ ಲಾಕ್‌ಡೌನ್. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಬೇರೆ ದೇಶದವರ ಗಾಡಿಮನೆಗಳನ್ನು ನೋಡಿ ನೋಡಿ ಇವರಿಗೆ ಹುಚ್ಚು ಹಿಡಿಯಿತು. ನನ್ನ ಹೈಸ್ಕೂಲು ಕೆಲಸ 2022ರಲ್ಲಿ ಮುಗಿಯುವ ಹೊತ್ತಿಗೆ ಟ್ರಾವೆಲರ್ ಗಾಡಿಯ ನಕ್ಷೆ ಸಿದ್ಧವಿತ್ತು: ಮುಂದೆ ಎರಡು ಸೀಟು, ನಡುವೆ ಅಡುಗೆ ಕಟ್ಟೆ, ಹಿಂದೆ ಮಂಚ. ‘ರೀ, ಕಕ್ಕಸು ಎಲ್ಲಿ?’ ಎಂದೆ. ‘ದಾರಿಯುದ್ದಕ್ಕೂ ಪೆಟ್ರೋಲ್ ಬಂಕ್ ಇದೆಯಲ್ಲೇ’ ಎಂದರು. ನಾನು ಬರುವುದಿಲ್ಲ ಎಂದೆ. ನಕ್ಷೆ ಬದಲಾಯಿತು, ಅಡುಗೆ ಕಟ್ಟೆ ಒಂದೂವರೆ ಅಡಿ ಕಿರಿದಾಯಿತು. ಮನೆಗೆ ಬಂದವರೆಲ್ಲ ಇದನ್ನು ನನ್ನ ಹಟ ಎಂದರು.

ಪಕ್ಕದ ಬೀದಿಯ ಗ್ಯಾರೇಜಿನಲ್ಲಿ ಸೀಟು ಕಿತ್ತು ಮಂಚ ಕೂರಿಸುವುದು ಅಗ್ಗ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಅಡ್ಡ ನಿಂತಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಗಿಯಾಗಿ ಓದಿತು. ಇಂಥ ವಾಹನಗಳಿಗೆಂದೇ ಎಐಎಸ್ 124 ಎಂಬ ಮಾನದಂಡವಿದೆ. ಅದರಂತೆ ಅನುಮೋದನೆ ಪಡೆದವರಿಂದಲೇ ಕಟ್ಟಿಸಿದೆವು. ದುಡ್ಡು ಜಾಸ್ತಿ ಹೋಯಿತು, ಆರ್‌ಟಿಒ ಕಚೇರಿಯ ಅಲೆದಾಟ ಕಡಿಮೆಯಾಯಿತು. ಹಾಸನದ ಕೆಳಮನೆಯನ್ನು ಬಾಡಿಗೆಗೆ ಕೊಟ್ಟು ಮಹಡಿಯ ಒಂದು ಕೋಣೆ ಇಟ್ಟುಕೊಂಡಿದ್ದೇವೆ. ದೀಪಾವಳಿ ಕಳೆದು ಹೊರಟರೆ ಮುಂಗಾರು ಬೀಳುವ ತನಕ ಗಾಡಿಯೇ ಮನೆ.

ಇದು ಮನೆಯೇ ಎಂಬುದನ್ನು ಒತ್ತಿ ಹೇಳಬೇಕು. ಗುಡಿಸುವುದು, ಪಾತ್ರೆ, ಬಟ್ಟೆ ಯಾವುದೂ ತಪ್ಪಿಲ್ಲ. ಜಾಗ ಚಿಕ್ಕದಾದ ಮಾತ್ರಕ್ಕೆ ಕೆಲಸ ಚಿಕ್ಕದಾಗುವುದಿಲ್ಲ. ಇವರಿಗೆ ಇನ್ಸುಲಿನ್ ಇದೆ, ಅದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಆದ್ದರಿಂದ ಫ್ರಿಜ್ ಆರುವಂತಿಲ್ಲ, ಆದ್ದರಿಂದ ಸೋಲಾರು. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಹೆಚ್ಚು ಕಡಿಮೆ ಎರಡೂವರೆ ಯೂನಿಟ್ಟು. ಫ್ರಿಜ್, ಫ್ಯಾನು, ದೀಪಗಳಿಗೆ ಧಾರಾಳ. ಎಸಿ ಹಾಕಿದರೆ ಎರಡು ಗಂಟೆಯಲ್ಲಿ ಮುಗಿಯಿತು. ಹಾಗಾಗಿ ಮಾರ್ಚ್ ದಾಟಿದರೆ ಬಯಲುಸೀಮೆಯಲ್ಲಿ ಆ ತಗಡಿನೊಳಗೆ ಮಲಗಲು ಸಾಧ್ಯವಿಲ್ಲ. ಕೊಪ್ಪ, ಕಳಸ, ಮಡಿಕೇರಿ ಕಡೆ ಹತ್ತುತ್ತೇವೆ. ಮೇಲಿನ ಮಂಚ ಬೇಡವೆಂದದ್ದು ಮೊಣಕಾಲು. ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ಓಡಿಸುವುದಿಲ್ಲ, ಕತ್ತಲಾದರೆ ಓಡಿಸುವುದೇ ಇಲ್ಲ. ರಸ್ತೆಗಳೇನೋ ಚೆನ್ನಾಗಿವೆ. ಹೆಸರುಗಳು ಮಾತ್ರ ಗುರುತು ಸಿಗುವುದಿಲ್ಲ: ಹಾಸನ ಹಾದುಹೋಗುವ ಮಂಗಳೂರು ದಾರಿ, ನಮ್ಮ 48, ಈಗ 75 ಆಗಿದೆ, 48 ಎಂಬ ಅಂಕೆ ಹುಬ್ಬಳ್ಳಿ–ಪುಣೆ ದಾರಿಗೆ ಹೋಗಿದೆ, ಕರಾವಳಿಯ 17 ಹೋಗಿ 66.

ನೀರಿನ ಟ್ಯಾಂಕು ನೂರು ಲೀಟರು. ಮನೆಯಲ್ಲಿ ಒಬ್ಬರ ಸ್ನಾನಕ್ಕೆ ಒಂದು ಬಕೆಟ್ ಎನ್ನುವವರು ಇಲ್ಲಿ ಐದು ಲೀಟರಿನಲ್ಲಿ ಮುಗಿಸುತ್ತೇವೆ. ಅದಕ್ಕಿಂತ ದೊಡ್ಡ ಪಾಠ ಕೆಳಗಿನ ಇನ್ನೊಂದು ಡಬ್ಬಿಯದು. ಈ ಕಕ್ಕಸಿನಡಿ ಗಾಲಿ ಹಚ್ಚಿದ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಕ್ಯಾಸೆಟ್ ಎನ್ನುತ್ತಾರೆ, 18–20 ಲೀಟರ್ ಹಿಡಿಸುತ್ತದೆ. ಇಬ್ಬರಿಗೆ ಎರಡು ದಿನ, ಬಹಳವೆಂದರೆ ಮೂರು ದಿನ. ಗಾಡಿಯ ಹೊರಮೈಯಲ್ಲಿರುವ ಸಣ್ಣ ಬಾಗಿಲು ತೆರೆದು ಅದನ್ನು ಎಳೆದುಕೊಂಡು ಹೋಗಿ ಖಾಲಿ ಮಾಡಬೇಕು. ಯುರೋಪಿನಲ್ಲಿ ಇದಕ್ಕೆಂದೇ ಕಟ್ಟೆಗಳಿವೆ. ನಮ್ಮಲ್ಲಿ ಇದ್ದಕ್ಕಿದ್ದಂತೆ ಒಂದು ಡಬ್ಬಿ ಎಳೆದುಕೊಂಡು ಹೋಗಿ ಬಂಕಿನ ಹುಡುಗನಿಗೆ ವಿಷಯ ವಿವರಿಸಬೇಕು. ಕೆಲವರು ಬೇಡ ಎನ್ನುತ್ತಾರೆ, ಕೆಲವರು ಬಕೆಟ್ ನೀರು ತಂದುಕೊಡುತ್ತಾರೆ. ಡಬ್ಬಿಯೊಳಗೆ ಹಾಕುವ ದ್ರಾವಣದಲ್ಲೂ ಎರಡು ಬಗೆ. ಫಾರ್ಮಾಲ್ಡಿಹೈಡ್ ಇರುವುದನ್ನು ಸೆಪ್ಟಿಕ್ ಟ್ಯಾಂಕಿಗೆ ಸುರಿದರೆ ಅಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಅದಿಲ್ಲದ್ದನ್ನು ಹುಡುಕಿ ಕೊಳ್ಳಬೇಕು. ಹೊಲಕ್ಕೋ ಚರಂಡಿಗೋ ಸುರಿದು ಹೋಗುವವರೂ ಇದ್ದಾರೆ. ಅಂಥವರ ಪ್ರಕೃತಿಪ್ರೇಮದ ವಿಡಿಯೋಗಳನ್ನು ನಾನು ನೋಡುವುದಿಲ್ಲ.

ಮೊದಲ ವಾರ. ಒಂದು ಊರಿನ ಕಾಸು ಕೊಟ್ಟು ಬಳಸುವ ಶೌಚಾಲಯ. ಅಲ್ಲಿ ಕೂತಿದ್ದವನು ಡಬ್ಬಿ ನೋಡಿ, ‘ಇನ್ನೂರು ಕೊಡಿ ಸಾರ್, ನಮ್ಮೋರು ಮಾಡ್ತಾರೆ’ ಎಂದು ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ಹೆಂಗಸಿನ ಕಡೆ ಕೈ ತೋರಿಸಿದ. ಇವರ ಕೈ ಜೇಬಿಗೆ ಹೋಯಿತು. ಮಲ ಹೊರುವ ಕೆಲಸಕ್ಕೆ ಜನರನ್ನು ಹಚ್ಚುವುದನ್ನು ನಿಷೇಧಿಸಿದ 2013ರ ಕಾಯ್ದೆಯನ್ನು ಅಲ್ಲಿ ಬಿಡಿಸಿ ಹೇಳುವಷ್ಟು ವ್ಯವಧಾನ ನನಗಿರಲಿಲ್ಲ. ‘ರೀ, ನಿಮ್ಮದು ನೀವು, ನನ್ನದು ನಾನು ಅಂತ ಬೇರೆ ಮಾಡೋಕಾಗಲ್ಲ. ವಾರ ಹಂಚಿಕೊಳ್ಳೋಣ’ ಎಂದೆ. ಮೊದಲ ಸರದಿ ಇವರದಾಯಿತು. ಮಡಿ ಉಡುತ್ತಿದ್ದ ಮನೆಯಲ್ಲಿ ಬೆಳೆದ, ಮಗುವಿನ ಬಟ್ಟೆಯನ್ನೂ ಬದಲಿಸದ ಮನುಷ್ಯ, ಮೂಗಿಗೆ ಟವೆಲ್ ಕಟ್ಟಿಕೊಂಡು, ಕೈಗೆ ಗ್ಲೋವ್ಸ್ ಹಾಕಿಕೊಂಡು ಒಳಹೋದರು. ಹೊರಬಂದು ಅರ್ಧ ಸೋಪು ಸವೆಸಿದರು. ಈಗ ಟವೆಲ್ ಇಲ್ಲ, ಹತ್ತು ನಿಮಿಷದ ಕೆಲಸ. ಆ ಹೆಂಗಸು ಅವತ್ತು ನಮ್ಮನ್ನು ನೋಡಿದ್ದು ಮೆಚ್ಚುಗೆಯಿಂದಲ್ಲ. ಇನ್ನೂರು ರೂಪಾಯಿ ತಪ್ಪಿತಲ್ಲ. ಅವಳ ಲೆಕ್ಕವೂ ಸರಿಯೇ.

ನಮ್ಮ ಗಾಡಿಯನ್ನು ಜನ ಆಂಬುಲೆನ್ಸ್ ಎಂದುಕೊಳ್ಳುತ್ತಾರೆ, ರಕ್ತದಾನದ ಗಾಡಿ ಎಂದುಕೊಳ್ಳುತ್ತಾರೆ. ಗಾಡಿಯಲ್ಲೇ ಇದ್ದೇವೆಂದರೆ ಮಕ್ಕಳು ನೋಡಿಕೊಳ್ಳುವುದಿಲ್ಲವೇ ಎಂದು ಮರುಗುತ್ತಾರೆ. ಮಕ್ಕಳು ನೋಡಿಕೊಳ್ಳುತ್ತಾರೆ, ಮೊಬೈಲಿನ ನಕ್ಷೆಯಲ್ಲಿ ನಮ್ಮ ಚುಕ್ಕೆ ಎಲ್ಲಿ ನಿಂತಿದೆ ಎಂದು ದಿನಾ ನೋಡುತ್ತಾರೆ. 2023ರ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ಹಾಸನ–ಕೊಡಗಿನ ಗಡಿಯ ಚೆಕ್‌ಪೋಸ್ಟಿನಲ್ಲಿ ನಮ್ಮನ್ನು ತಡೆದಾಗ ಪ್ರಚಾರದ ವಾಹನವೆಂಬ ಅನುಮಾನ. ಹಣ ಹುಡುಕುವವರಿಗೆ ಇಷ್ಟೊಂದು ಕಪಾಟುಗಳ ಗಾಡಿ ಸಿಕ್ಕಿದರೆ ಕೇಳಬೇಕೆ? ಅಕ್ಕಿ ಡಬ್ಬಿಗೆ ಕೈ ಹಾಕಿದರು, ಹಾಸಿಗೆ ಎತ್ತಿದರು, ಹೊರಗಿನ ಸಣ್ಣ ಬಾಗಿಲು ತೆಗೆದು ‘ಇದ್ರಲ್ಲೇನಿದೆ?’ ಎಂದರು. ‘ಮುಚ್ಚಳ ತೆಗೀರಿ ಸಾರ್, ಎರಡು ದಿನದ್ದಿದೆ’ ಎಂದರು ಇವರು. ಅಲ್ಲಿಗೆ ತಪಾಸಣೆ ಮುಗಿಯಿತು.

ಹೊರಡುವಾಗ ಬ್ಯಾರಿಕೇಡಿನ ಬಳಿ ನಿಂತಿದ್ದ ಮಹಿಳಾ ಪೇದೆ ನನ್ನ ಕಿಟಕಿಯ ಹತ್ತಿರ ಬಂದಳು. ನನ್ನ ಶಿಷ್ಯೆಯರ ವಯಸ್ಸು. ಶಾಮಿಯಾನ ಒಂದಿತ್ತು, ಕುರ್ಚಿಗಳಿದ್ದವು, ಕುಡಿಯುವ ನೀರಿನ ಕ್ಯಾನ್ ಇತ್ತು. ಸುತ್ತ ಬರೀ ಶುಂಠಿ ಗದ್ದೆ. ‘ಅಮ್ಮಾ, ಒಂದ್ಸಲ ಒಳಗೆ ಹೋಗಿ ಬರಲಾ?’ ಎಂದಳು. ಬೆಳಿಗ್ಗೆಯಿಂದ ನೀರು ಮುಟ್ಟಿಲ್ಲವೆಂದು ಬಾಗಿಲು ಹಾಕಿಕೊಳ್ಳುವ ಮುಂಚೆ ಹೇಳಿದಳು. ಅತ್ತೆಯವರು ಬದುಕಿದ್ದಿದ್ದರೆ ಲೋಟದ ಉಪಾಯ ಇವಳಿಗೂ ಗೊತ್ತಿದೆ ಎನ್ನುತ್ತಿದ್ದರು. ಹೊರಬಂದು ತನ್ನ ಜೊತೆಯವರನ್ನೂ ಕಳಿಸಿದಳು. ಅವತ್ತು ಮಡಿಕೇರಿಗೆ ಮುಟ್ಟಿದ್ದು ಕತ್ತಲಾದ ಮೇಲೆ, ಡಬ್ಬಿ ತುಂಬಿತೆನ್ನುವ ಕೆಂಪು ದೀಪ ಉರಿಸಿಕೊಂಡೇ. ಆ ವಾರದ ಸರದಿ ನನ್ನದು.

ಇವರ ಲೈಸೆನ್ಸನ್ನು ಈಗ ಐದೈದು ವರ್ಷಕ್ಕೆ ಮಾತ್ರ ನವೀಕರಿಸುತ್ತಾರೆ, ಡಾಕ್ಟರ ಸರ್ಟಿಫಿಕೇಟು ಬೇಕು. 2030ರವರೆಗೆ ಇದೆ. ಸಕ್ಕರೆ ಕಣ್ಣಿಗಿಳಿದರೆ ಅಷ್ಟು ದಿನವೂ ಇಲ್ಲ. ನಾನು ಕಾರು ಓಡಿಸುತ್ತೇನೆ, ಇಷ್ಟುದ್ದದ ಗಾಡಿಯನ್ನು ಹಿಂದಕ್ಕೆ ತೆಗೆಯುವ ಧೈರ್ಯ ಇನ್ನೂ ಬಂದಿಲ್ಲ. ಆಗದ ದಿನ ಮಾರುವುದೆಂದು ಮಾತಾಗಿದೆ. ಇದು ಹೇಗೋ ಕಿವಿಗೆ ಬಿದ್ದು, ಕಳೆದ ತಿಂಗಳು ಚನ್ನರಾಯಪಟ್ಟಣದಿಂದ ಒಬ್ಬರು ಬಂದಿದ್ದರು; ನಿವೃತ್ತರು, ಗಾಡಿಯ ಮೇಲೆ ಆಸೆಯಿದ್ದವರು. ಎಂಜಿನ್ ಶಬ್ದ ಕೇಳಿದರು, ಟೈರು ಒತ್ತಿ ನೋಡಿದರು, ಬ್ಯಾಟರಿಯ ಬಗ್ಗೆ ವಿಚಾರಿಸಿದರು. ಕೊನೆಗೆ ಹಿಂದಿನ ಕಿರುಬಾಗಿಲು ತಟ್ಟಿ, ‘ಇದನ್ನ ತೆಗೆಸಿಬಿಟ್ರೆ ಇನ್ನೆರಡು ಸೀಟು ಕೂರಿಸಬಹುದಲ್ವಾ?’ ಎಂದರು. ಇವರು 52ನೇ ಕಲಂ ಶುರು ಮಾಡಿದರು. ನಾನು ಕಾಫಿ ಕೊಟ್ಟು, ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂದೆ.