ಇಂಗ್ಲಿಷ್ ಕ್ರಿಯಾಪದವೂ ಕನ್ನಡದ ಕಿವಿಯೂ

ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪನೆಗೊಂಡ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಬೋಧನ ಮಾಧ್ಯಮವಾಗಿ ಸ್ವೀಕರಿಸಿದರೂ ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಉಳಿಸಿಕೊಂಡಿತು. ನಿಜಾಮರ ಸಂಸ್ಥಾನದ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ವಿದ್ಯಾರ್ಥಿಗೆ ಹೀಗೆ ಮನೆಯ ಮಾತು ಒಂದು, ಪಾಠದ ಮಾತು ಇನ್ನೊಂದು, ಪರೀಕ್ಷೆಯಲ್ಲಿ ಅಂಜಿಸುವ ಮಾತು ಮತ್ತೊಂದು. ಬೀದಿಯ ತೆಲುಗನ್ನು ಬೇರೆಯಾಗಿಯೇ ಎಣಿಸಬೇಕು.

ಇಂಗ್ಲಿಷ್ ಕ್ರಿಯಾಪದದಲ್ಲಿ ಕಲಿಯುವವರು ಪದೇ ಪದೇ ಎಡವುವ ಒಂದು ಸ್ಥಳವಿದೆ. 'ಹಿ ಕೇಮ್' ಎಂಬುದನ್ನು ನಿಷೇಧಕ್ಕೆ ತಿರುಗಿಸುವಾಗ 'ಹಿ ಡಿಡ್ ನಾಟ್ ಕೇಮ್' ಎಂದುಬಿಡುವುದು. ಕಾಲದ ಹೊರೆಯನ್ನು 'ಡಿಡ್' ಹೊತ್ತ ಮೇಲೆ ಮುಖ್ಯಕ್ರಿಯೆಯು ಮೂಲರೂಪಕ್ಕೆ ಮರಳಬೇಕೆಂಬುದು ನಿಯಮ. ವ್ಯಾಕರಣ ಪುಸ್ತಕಗಳು ಈ ನಿಯಮವನ್ನು ಬಾಯಿಪಾಠ ಮಾಡಿಸುತ್ತವೆಯೇ ಹೊರತು, ಅದು ವಿದ್ಯಾರ್ಥಿಯ ನಾಲಗೆಯಲ್ಲಿ ಆಗಲೇ ಇದೆಯೆಂದು ಹೇಳುವುದು ವಿರಳ.

ಬಂದನು, ಬಂದಳು, ಬಂದರು, ಬಂದಿತು: ಇವೆಲ್ಲಕ್ಕೂ ನಿಷೇಧರೂಪ ಒಂದೇ, ಬರಲಿಲ್ಲ. ಲಿಂಗವಚನಗಳು ಕಳಚಿದವು, ಭೂತಕಾಲದ ದಕಾರವೂ ಹೋಯಿತು, 'ಬರಲ್' ಎಂಬ ಬರಿಯ ರೂಪವಷ್ಟೇ ನಿಂತಿತು. 'ಬಂದಲಿಲ್ಲ' ಎಂದರೆ ನಿರಕ್ಷರನೂ ನಗುತ್ತಾನೆ. ತೆಲುಗಿನದೂ ಇದೇ ದಾರಿ. 'ವಚ್ಚಾಡು' ಎಂಬುದು 'ರಾಲೇದು' ಆಗುತ್ತದೆ. ಉರ್ದುವಿನಲ್ಲಾದರೋ 'ವಹ್ ಆಯಾ' ಎಂಬುದು 'ವಹ್ ನಹೀಂ ಆಯಾ' ಎಂದಾಗುವುದು. ಕ್ರಿಯಾಪದ ಕದಲುವುದೇ ಇಲ್ಲ. ಉರ್ದುವಿನ ಅಳತೆಗೋಲಿನಿಂದ ಇಂಗ್ಲಿಷನ್ನು ಅಳೆದವನಿಗೆ 'ಡಿಡ್ ನಾಟ್ ಕೇಮ್' ಸಹಜವಾಗಿಯೇ ಕೇಳಿಸೀತು. ಕಲಬುರಗಿಯ ವಿದ್ಯಾರ್ಥಿಯು ಹತ್ತಿರದ ಹಾದಿಯನ್ನು ಮನೆಯಲ್ಲಿ ಬಿಟ್ಟು ಸುತ್ತುದಾರಿಯಲ್ಲಿ ನಡೆಯಬೇಕಾಯಿತು. ಇದು ಉರ್ದುವಿನ ದೋಷವಲ್ಲ. ಮೂರನೆಯ ಭಾಷೆಯನ್ನು ಎರಡನೆಯದರ ಮೂಲಕವೇ ವಿವರಿಸಬೇಕೆಂಬ ಏರ್ಪಾಡಿನ ಫಲ.

ಹೋಲಿಕೆಯನ್ನು ತೀರ ಎಳೆಯಲಾಗದು. ಇಂಗ್ಲಿಷಿನಲ್ಲಿ ಕಾಲವನ್ನು ಸಹಾಯಕ ಕ್ರಿಯೆಯು ಸೂಚಿಸುತ್ತದೆ. ಕನ್ನಡದ 'ಇಲ್ಲ' ಕಾಲವನ್ನು ಹೇಳುವುದಿಲ್ಲ, 'ಬರಲಿಲ್ಲ', 'ಬರುವುದಿಲ್ಲ' ಎಂಬ ರೂಪಗಳ ವ್ಯತ್ಯಾಸವೇ ಅದನ್ನು ತಿಳಿಸುತ್ತದೆ. 'ಗೋ' ಎಂಬುದು 'ವೆಂಟ್' ಆಗುವ ವಿಚಿತ್ರಕ್ಕೆ ಬೆರಗಾಗುವವರು ನಿಲ್ಲು-ನಿಂತ, ಕೊಲ್ಲು-ಕೊಂದ, ಬೀಳು-ಬಿದ್ದ ಎಂಬಿವನ್ನೂ ಒಮ್ಮೆ ಪರರ ಕಿವಿಯಿಂದ ಕೇಳಬೇಕು.

1958ರಲ್ಲಿ ಇದೇ ನಗರದಲ್ಲಿ ಇಂಗ್ಲಿಷ್ ಬೋಧನೆಗೆಂದೇ ಕೇಂದ್ರ ಸಂಸ್ಥೆಯೊಂದು ತಲೆಯೆತ್ತಿತು. 2007ರಲ್ಲಿ ಅದು ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಆದರೂ ಕನ್ನಡ ತರಗತಿಯಲ್ಲಿ ಕೇಶಿರಾಜನ ಆಖ್ಯಾತ ಪ್ರಕರಣವನ್ನು ಓದುವವನಿಗೆ, ಇಂಗ್ಲಿಷ್ ತರಗತಿಯ 'ವರ್ಬ್' ಅದರ ನೆರೆಮನೆಯದೆಂದು ತೋರುವುದು ಅಪರೂಪ. ಹಳಗನ್ನಡದ 'ಬಾರಂ' ಎಂಬ ರೂಪವಂತೂ ಪುರುಷವನ್ನು ಉಳಿಸಿಕೊಂಡು ಕಾಲವನ್ನೇ ಕೈಬಿಟ್ಟಿತ್ತು. ಅಲ್ಲಿಂದ 'ಬರಲಿಲ್ಲ'ದವರೆಗೆ ಕನ್ನಡವೇ ನಿಷೇಧದ ಎರಡು ಬಗೆಗಳನ್ನು ಪರೀಕ್ಷಿಸಿ ನೋಡಿದೆ.